ಕುದುರೆಯ ಕಾಲಿನ ಬಿಸಿ: ಥರ್ಮಲ್ ಕ್ಯಾಮೆರಾ ಓದಲು ಕಲಿಯುವುದು

ಲಾಯದಲ್ಲಿ ದಿನದ ಮೊದಲ ಕೆಲಸ ಕಾಲು ಮುಟ್ಟಿ ನೋಡುವುದು. ಮೇವು, ನೀರು, ಲದ್ದಿ ಬಳಿಯುವುದು ಎಲ್ಲ ಆಮೇಲೆ. ಮೈಸೂರಿನ ಹೊರವಲಯದ ಒಂದು ಲಾಯದಲ್ಲಿ, ಆಯಸ್ಸಿನ ಬಹುಪಾಲು ಕುದುರೆಗಳ ಜೊತೆಯಲ್ಲೇ ಕಳೆದ ಹಿರಿಯ ಸೈಸ್ ಒಬ್ಬರು ಕುಕ್ಕರಗಾಲಲ್ಲಿ ಕುಳಿತು, ಕುದುರೆಯ ಮಂಡಿಯಿಂದ ಗೊರಸಿನವರೆಗೆ ಕೈಯ ಹಿಂಬದಿಯನ್ನು ನಿಧಾನವಾಗಿ ಇಳಿಸುತ್ತಿದ್ದರು. ದುಡಿದ ಅಂಗೈ ದಡ್ಡುಗಟ್ಟಿರುತ್ತದೆ, ಹಿಂಬದಿಯ ಚರ್ಮಕ್ಕೆ ಬಿಸಿ ಬೇಗ ತಿಳಿಯುತ್ತದೆ. ಎಡಗಾಲು, ಬಲಗಾಲು, ಮತ್ತೆ ಎಡಗಾಲು. "ಇಲ್ಲಿ ಒಂಚೂರು ಬೆಚ್ಚಗಿದೆ ಸಾರ್, ನೀವೂ ಮುಟ್ಟಿ ನೋಡಿ" ಅಂದರು. ಮುಟ್ಟಿದೆ. ನನಗೆ ಎರಡೂ ಕಾಲು ಒಂದೇ ಅನ್ನಿಸಿತು. ಆಮೇಲೆ ಥರ್ಮಲ್ ಕ್ಯಾಮೆರಾ ಹಿಡಿದರೆ ಪರದೆಯ ಮೇಲೆ ಮೊದಲು ಕಂಡದ್ದು ನಮ್ಮಿಬ್ಬರ ಕೈಗಳ ಗುರುತು. ನೀಲಿ–ಹಸಿರು ಕಾಲಿನ ಮೇಲೆ ನಾಲ್ಕು ಬೆರಳು ಹಳದಿಯಾಗಿ ಮೂಡಿದ್ದವು, ಮಾಸಲು ಸ್ವಲ್ಪ ಹೊತ್ತೇ ಹಿಡಿಯಿತು.

ಕುದುರೆಯ ಆರೋಗ್ಯ ತಿಳಿಯಲು ಥರ್ಮಲ್ ಕ್ಯಾಮೆರಾ ಬಳಸುವುದನ್ನು ಕಲಿಯುವವರಿಗೆ ಇದೇ ಮೊದಲ ಪಾಠ. ಮೊದಲು ಚಿತ್ರ, ಆಮೇಲೆ ಕೈ. ಚಿತ್ರ ತೆಗೆಯುವ ಮುಂಚೆ ಮುಟ್ಟಿದರೆ ನಮ್ಮ ಬಿಸಿಯನ್ನೇ ನಾವು ಅಳೆಯುತ್ತೇವೆ. ಚಿತ್ರ ತೆಗೆದ ಮೇಲೆ ಮುಟ್ಟದೆ ಬಿಟ್ಟರೆ ಆ ಚಿತ್ರ ಏನು ಹೇಳುತ್ತಿದೆ ಎಂದು ಗೊತ್ತಾಗುವುದೇ ಇಲ್ಲ.

ಈ ಕ್ಯಾಮೆರಾದ ಬಗ್ಗೆ ಎರಡು ಅತಿರೇಕದ ಮಾತು ಕೇಳಿಬರುತ್ತವೆ. ಮಾರುವವರ ಪ್ರಕಾರ ಅದು ಒಳಗಿನ ಕಾಯಿಲೆಯನ್ನೆಲ್ಲ ತೋರಿಸುತ್ತದೆ. ಹಳಬರಲ್ಲಿ ಕೆಲವರ ಪ್ರಕಾರ ಅದು ಬಣ್ಣದ ಆಟಿಕೆ. ಎರಡೂ ನಿಜವಲ್ಲ ಎಂಬುದನ್ನು ಸುಮಾರು ಐವತ್ತು ವರ್ಷಗಳ ಅನುಭವ ತೋರಿಸಿದೆ. ಉಪಕರಣ ಒಳ್ಳೆಯದು. ಅದರ ಬಳಕೆ ಕಷ್ಟವಾಗಿರುವುದು ಗುಂಡಿ ಒತ್ತುವುದರಲ್ಲಲ್ಲ, ಒತ್ತುವ ಮುಂಚಿನ ಸಿದ್ಧತೆಯಲ್ಲಿ ಮತ್ತು ಒತ್ತಿದ ಮೇಲಿನ ಓದಿನಲ್ಲಿ.

ಕ್ಯಾಮೆರಾ ನಿಜಕ್ಕೂ ನೋಡುವುದೇನು? ಬಿಸಿಯಿರುವ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೊರಸೂಸುತ್ತದೆ. ಖಗೋಳಶಾಸ್ತ್ರಜ್ಞ ವಿಲಿಯಂ ಹರ್ಶೆಲ್ 1800ರಲ್ಲಿ ಪಟ್ಟಕದಿಂದ ಬಿಸಿಲನ್ನು ಒಡೆದು, ಕೆಂಪು ಬಣ್ಣದ ಆಚೆ, ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟು ಪಾದರಸ ಏರುವುದನ್ನು ಕಂಡ. ಅವನ ಮಗ ಜಾನ್ ಹರ್ಶೆಲ್ 1840ರಲ್ಲಿ ಮಸಿ ಹಚ್ಚಿದ ಕಾಗದದ ಮೇಲೆ ಮದ್ಯಸಾರ ಆರುವ ರೀತಿಯಿಂದ ಶಾಖದ ಚಿತ್ರವನ್ನೇ ಮೂಡಿಸಿದ. ಅಲ್ಲಿಂದ ಲಾಯಕ್ಕೆ ಬರಲು ಇನ್ನೂ ಒಂದು ಶತಮಾನದ ಮೇಲೆ ಬೇಕಾಯಿತು. 30ರಿಂದ 35 ಡಿಗ್ರಿ ಸೆಲ್ಸಿಯಸ್ ಇರುವ ಚರ್ಮ ಅತಿ ಹೆಚ್ಚು ಹೊರಸೂಸುವುದು ಹತ್ತು ಮೈಕ್ರೋಮೀಟರಿಗೆ ಸ್ವಲ್ಪ ಕಡಿಮೆ ಅಲೆಯುದ್ದದ ಕಿರಣಗಳನ್ನು. ಇಂದಿನ ಕ್ಯಾಮೆರಾಗಳ ಸಂವೇದಕಗಳು ಈ ಪಟ್ಟಿಗೇ ಹೊಂದಿಕೊಂಡಿವೆ. ಸೈನ್ಯದ ಕೆಲಸಕ್ಕೆಂದು ಬೆಳೆದ, ತಂಪುಗೊಳಿಸದೆ ಕೆಲಸ ಮಾಡುವ ಸಂವೇದಕಗಳು 1990ರ ದಶಕದಿಂದ ನಾಗರಿಕ ಬಳಕೆಗೆ ಬಂದವು. ಈಗ ಫೋನಿಗೆ ಸಿಕ್ಕಿಸುವ ಪುಟ್ಟ ಕ್ಯಾಮೆರಾಗಳೂ ಸಿಗುತ್ತವೆ.

ಕ್ಯಾಮೆರಾ ಚರ್ಮದ ಒಳಗೆ ಇಣುಕುವುದಿಲ್ಲ. ಅದಕ್ಕೆ ಕಾಣುವುದು ಚರ್ಮ ಮತ್ತು ಕೂದಲ ಮೇಲ್ಮೈಯ ಬಿಸಿ ಮಾತ್ರ. ಎಕ್ಸ್‌ರೇ ಮೂಳೆ ತೋರಿಸುತ್ತದೆ, ಅಲ್ಟ್ರಾಸೌಂಡ್ ಸ್ನಾಯುರಜ್ಜಿನ ಎಳೆ ತೋರಿಸುತ್ತದೆ, ಥರ್ಮಲ್ ಚಿತ್ರ ರಕ್ತದ ಹರಿವಿನ ನೆರಳನ್ನು ತೋರಿಸುತ್ತದೆ. ಎಲ್ಲಿ ಉರಿಯೂತವಿದೆಯೋ ಅಲ್ಲಿ ರಕ್ತ ಹೆಚ್ಚು ಹರಿದು ಮೇಲಿನ ಚರ್ಮ ಬೆಚ್ಚಗಾಗುತ್ತದೆ. ಎಲ್ಲಿ ನರಕ್ಕೆ ಪೆಟ್ಟಾಗಿದೆಯೋ, ರಕ್ತನಾಳ ಕಟ್ಟಿಕೊಂಡಿದೆಯೋ ಅಲ್ಲಿ ತಣ್ಣಗಾಗಬಹುದು. ಕಾಯಿಲೆಯ ಹೆಸರನ್ನು ಚಿತ್ರ ಹೇಳುವುದಿಲ್ಲ, ಜಾಗವನ್ನು ಹೇಳುತ್ತದೆ.

ಕುದುರೆಗೇ ಈ ವಿದ್ಯೆ ಇಷ್ಟು ಒಪ್ಪಿದ್ದಕ್ಕೆ ಕಾರಣ ಅದರ ಕಾಲಿನ ರಚನೆ. ಮಂಡಿಯ ಕೆಳಗೆ ಕುದುರೆಗೆ ಮಾಂಸಖಂಡವೇ ಇಲ್ಲ ಎನ್ನಬೇಕು. ಮೂಳೆ, ಅದರ ಹಿಂದೆ ಹಗ್ಗದಂತೆ ಇಳಿಯುವ ಸ್ನಾಯುರಜ್ಜುಗಳು, ಮೇಲೆ ತೆಳುವಾದ ಚರ್ಮ, ಅಷ್ಟೆ. ಒಳಗಿನ ಬಿಸಿ ಮೇಲೆ ಬರಲು ಅಡ್ಡಿ ಕಡಿಮೆ. ಅರ್ಧ ಟನ್ ತೂಕದ ಪ್ರಾಣಿ ನಾಗಾಲೋಟದಲ್ಲಿ ಓಡುವಾಗ ಆ ಭಾರವೆಲ್ಲ ಕ್ಷಣಕಾಲ ಒಂದು ಮುಂಗಾಲಿನ ಮೇಲೆ ಬೀಳುತ್ತದೆ. ರೇಸ್ ಕುದುರೆಗಳಲ್ಲಿ ಕಾಲಿನ ಹಿಂಬದಿಯ ಮೇಲ್ಪದರದ ಸ್ನಾಯುರಜ್ಜು ಹರಿಯುವುದು ಬಹಳ ಸಾಮಾನ್ಯ. ಅದಕ್ಕೆ ರಕ್ತ ಪೂರೈಕೆ ಕಡಿಮೆಯಾದ್ದರಿಂದ ವಾಸಿಯಾಗಲು ಹಲವು ತಿಂಗಳು, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ಕೆಲವು ಕುದುರೆಗಳ ಓಟ ಅಲ್ಲಿಗೇ ಮುಗಿಯುತ್ತದೆ. ಜೊತೆಗೆ, ಕಾಡಿನಲ್ಲಿ ಬೇಟೆಗೆ ಬಲಿಯಾಗುತ್ತಿದ್ದ ಪ್ರಾಣಿಯ ಸ್ವಭಾವ ಅದರಲ್ಲಿ ಇನ್ನೂ ಉಳಿದಿದೆ. ನೋವನ್ನು ಬೇಗ ತೋರಿಸಿಕೊಳ್ಳುವುದಿಲ್ಲ. ಕುಂಟುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ.

ಸ್ವೀಡನ್ನಿನ ಬರ್ಟಿಲ್ ಸ್ಟ್ರೋಂಬರ್ಗ್ 1970ರ ದಶಕದ ಆರಂಭದಲ್ಲಿ ರೇಸ್ ಕುದುರೆಗಳ ಇದೇ ಸ್ನಾಯುರಜ್ಜಿನ ಅಧ್ಯಯನದಲ್ಲಿ ಶಾಖಚಿತ್ರಗಳನ್ನು ಬಳಸಿದರು. 1980ರಲ್ಲಿ ಪುರೋಹಿತ್ ಮತ್ತು ಮೆಕಾಯ್ ಕುದುರೆಗಳ ಉರಿಯೂತ ಪತ್ತೆಗೆ ಥರ್ಮೋಗ್ರಫಿ ಎಷ್ಟು ಉಪಯುಕ್ತ ಎಂಬುದರ ಬಗ್ಗೆ ಅಮೆರಿಕದ ಪಶುವೈದ್ಯ ಸಂಶೋಧನಾ ಪತ್ರಿಕೆಯಲ್ಲಿ ಬರೆದ ಪ್ರಬಂಧವನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಟ್ರೇಸಿ ಟರ್ನರ್ ಎಂಬ ಅಮೆರಿಕದ ಪಶುವೈದ್ಯರು ತರಬೇತಿಯಲ್ಲಿದ್ದ ರೇಸ್ ಕುದುರೆಗಳನ್ನು ಮತ್ತೆ ಮತ್ತೆ ಚಿತ್ರಿಸಿ, ಕಾಲಿನ ತೊಂದರೆ ಹೊರಗೆ ಕಾಣುವುದಕ್ಕೆ ಎರಡು ವಾರ ಮುಂಚೆಯೇ ಶಾಖದ ಬದಲಾವಣೆ ಸಿಗಬಹುದು ಎಂದರು. ಈ ಒಂದು ಮಾತಿನ ಮೇಲೆಯೇ ಇಡೀ ವಿದ್ಯೆಯ ಆಸೆ ನಿಂತಿದೆ. ಆ ಎರಡು ವಾರ ಕುದುರೆಗೆ ವಿಶ್ರಾಂತಿ ಕೊಟ್ಟರೆ ಸ್ನಾಯುರಜ್ಜು ಹರಿಯುವುದನ್ನೇ ತಪ್ಪಿಸಬಹುದಲ್ಲ. ಪೋಲೆಂಡಿನ ಮಾರಿಯಾ ಸೊರೊಕೊ, ಮಿನಾ ಡೇವಿಸ್ ಮೋರೆಲ್ ಜೊತೆ ಸೇರಿ 2016ರಲ್ಲಿ ಈ ವಿಷಯದ ಮೇಲೆ ಪೂರ್ಣ ಪುಸ್ತಕವನ್ನೇ ತಂದರು. ಕಲಿಯುವವರಿಗೆ ಅದು ಒಳ್ಳೆಯ ಪ್ರವೇಶ.

ಇಷ್ಟೆಲ್ಲ ಬರಹಗಳನ್ನು ಓದಿದಾಗ ಎದ್ದು ಕಾಣುವುದು ಒಂದೇ ಸಂಗತಿ. ಈ ವಿದ್ಯೆಯ ತಳಹದಿ ಆರೋಗ್ಯವಂತ ಕುದುರೆಯ ಚಿತ್ರ. ಆರೋಗ್ಯವಂತ ಮುಂಗಾಲನ್ನು ಹೊರಬದಿಯಿಂದ ಹಿಡಿದರೆ, ಮೂಳೆ ಮತ್ತು ಸ್ನಾಯುರಜ್ಜುಗಳ ನಡುವೆ ದೊಡ್ಡ ಅಭಿಧಮನಿ ಹರಿಯುವ ಸಾಲು ಉದ್ದಕ್ಕೆ ಬೆಚ್ಚಗಿನ ಗೆರೆಯಾಗಿ ಕಾಣುತ್ತದೆ. ಸ್ನಾಯುರಜ್ಜಿನ ಹಿಂಬದಿ ತಣ್ಣಗಿರುತ್ತದೆ. ಗೊರಸಿನಲ್ಲಿ, ಚರ್ಮ ಗೊರಸಿಗೆ ಸೇರುವ ಅಂಚು ಎಲ್ಲಕ್ಕಿಂತ ಬಿಸಿ, ಏಕೆಂದರೆ ಅಲ್ಲಿ ರಕ್ತನಾಳಗಳ ದಟ್ಟ ಜಾಲವಿದೆ. ಅಲ್ಲಿಂದ ಕೆಳಕ್ಕೆ ಗೊರಸಿನ ತುದಿಯವರೆಗೆ ಬಿಸಿ ಒಂದೊಂದು ಮೆಟ್ಟಿಲಾಗಿ ಇಳಿಯುತ್ತದೆ. ಹೊಸಬರು ಈ ಅಂಚಿನ ಕೆಂಪನ್ನು ಕಂಡು ಗಾಬರಿಯಾಗುತ್ತಾರೆ. ಅದು ಕಾಯಿಲೆಯಲ್ಲ, ಇರಬೇಕಾದದ್ದು. ಗಾಬರಿಯಾಗಬೇಕಾದದ್ದು ಈ ಮೆಟ್ಟಿಲುಗಳು ಅಳಿಸಿಹೋಗಿ ಇಡೀ ಗೊರಸು ಅಂಚಿನಷ್ಟೇ ಬಿಸಿಯಾಗಿ ಕಂಡಾಗ. ಆಗ ಲ್ಯಾಮಿನೈಟಿಸ್, ಅಂದರೆ ಗೊರಸಿನ ಒಳಪದರದ ಉರಿಯೂತ ಇರಬಹುದೇ ಎಂದು ಕೂಡಲೇ ಯೋಚಿಸಬೇಕು.

ಎರಡನೆಯ ಸೂತ್ರ ಎಡ–ಬಲ ಹೋಲಿಕೆ. ಕುದುರೆಯ ಮೈ ಎರಡೂ ಬದಿ ಹೆಚ್ಚುಕಡಿಮೆ ಸಮ. ಒಂದೇ ಜಾಗದಲ್ಲಿ ಎಡಕ್ಕೂ ಬಲಕ್ಕೂ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಅಂತರ ಕಂಡರೆ ಅದನ್ನು ಗಮನಿಸಬೇಕು ಎಂಬುದು ಈ ಕ್ಷೇತ್ರದ ಸಾಮಾನ್ಯ ಅಳತೆಗೋಲು. ಆದರೂ ಒಂದು ದಿನದ ಅಂತರಕ್ಕೆ ತೀರ್ಪು ಕೊಡಬಾರದು. ಮೈಯ ಬಿಸಿ ಹಿಡಿದಿಡಲು ಅಥವಾ ಬಿಡಲು ಕುದುರೆ ತನ್ನ ಕಾಲಿನ ರಕ್ತನಾಳಗಳನ್ನು ತೆರೆಯುತ್ತ ಮುಚ್ಚುತ್ತ ಇರುತ್ತದೆ. ಹಾಗಾಗಿ ಏನೂ ತೊಂದರೆಯಿಲ್ಲದ ಕುದುರೆಯ ಒಂದು ಗೊರಸು ಬೆಚ್ಚಗೆ, ಇನ್ನೊಂದು ತಣ್ಣಗೆ ಇರುವುದೂ ಉಂಟು. ಇವತ್ತು ಕಂಡ ಅಂತರ ನಾಳೆಯೂ ನಾಡಿದ್ದೂ ಅದೇ ಜಾಗದಲ್ಲಿ ಇದೆಯೇ ಎಂಬುದನ್ನೇ ನೋಡಬೇಕು.

ಸಿದ್ಧತೆಯ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಕಲಿಯುತ್ತಿದ್ದ ದಿನಗಳಲ್ಲಿ ಒಂದು ಹೆಣ್ಣು ಕುದುರೆಯ ಎಡ ಮುಂಗಾಲು ಬಲಕ್ಕಿಂತ ಎರಡು ಡಿಗ್ರಿ ಹೆಚ್ಚು ಬಿಸಿ ತೋರಿಸಿತು. ಊತವಿಲ್ಲ, ಒತ್ತಿದರೆ ನೋವಿಲ್ಲ, ನಡಿಗೆ ನೆಟ್ಟಗಿದೆ. ಆದರೂ ಚಿತ್ರ ನಂಬಿ ಅದರ ಆ ದಿನದ ಕೆಲಸ ನಿಲ್ಲಿಸಿದೆ. ಮರುದಿನ ಅದೇ ಹೊತ್ತಿಗೆ ಹೋಗಿ ನಿಂತಾಗ ತಿಳಿಯಿತು: ಲಾಯದ ಅರ್ಧ ಬಾಗಿಲು ಪೂರ್ವಕ್ಕಿತ್ತು, ಎಳೆ ಬಿಸಿಲಿನ ಒಂದು ಪಟ್ಟೆ ಸರಿಯಾಗಿ ಆ ಎಡಗಾಲಿನ ಮೇಲೆ ಬೀಳುತ್ತಿತ್ತು. ಕುದುರೆಯನ್ನು ನೆರಳಿಗೆ ಸರಿಸಿ ಅರ್ಧ ಗಂಟೆ ಬಿಟ್ಟು ನೋಡಿದರೆ ಎರಡೂ ಕಾಲು ಸಮ. ಅಂದಿನಿಂದ ನಾನು ಕ್ಯಾಮೆರಾ ತೆಗೆಯುವ ಮುಂಚೆ ಬಾಗಿಲು, ಕಿಟಕಿ, ಫ್ಯಾನು ನೋಡುತ್ತೇನೆ.

ಬಿಸಿಲಿನಂತೆಯೇ ಚಿತ್ರ ಕೆಡಿಸುವವು ಇನ್ನೂ ಹಲವು. ಕೂದಲು ಒದ್ದೆಯಾಗಿದ್ದರೆ ಆವಿಯಾಗುವ ನೀರು ಚರ್ಮವನ್ನು ತಣಿಸುತ್ತದೆ. ಕೆಸರು ಅಂಟಿದ್ದರೆ ಅದು ಬೇರೆಯದೇ ಬಿಸಿ ತೋರಿಸುತ್ತದೆ. ಕಾಲಿಗೆ ಬ್ಯಾಂಡೇಜು ಸುತ್ತಿದ್ದರೆ ಬಿಚ್ಚಿದ ಮೇಲೂ ಅದರ ಬಿಸಿ ತುಂಬ ಹೊತ್ತು ಉಳಿಯುತ್ತದೆ. ಹಚ್ಚಿದ ಎಣ್ಣೆ, ಮುಲಾಮು, ಒಂದು ಬದಿ ಮಾತ್ರ ಕತ್ತರಿಸಿದ ಕೂದಲು, ಹಳೆ ಗಾಯದ ಕಲೆ ಇವೆಲ್ಲ ಸುಳ್ಳು ಹೇಳಿಸುತ್ತವೆ. ಮಂಪರಿನ ಔಷಧಿ ಕೊಟ್ಟಿದ್ದರೆ ರಕ್ತದ ಹರಿವೇ ಬದಲಾಗಿರುತ್ತದೆ. ಓಡಿಸಿದ ಕೂಡಲೇ ತೆಗೆದರೆ ಇಡೀ ಕಾಲು ಬಿಸಿ. ಹಾಗಾಗಿ ಕುದುರೆಯನ್ನು ಒಣಗಿದ ಬ್ರಷ್‌ನಿಂದ ಉಜ್ಜಿ, ಗೊರಸು ಕೆರೆದು ಶುಚಿ ಮಾಡಿ, ಗಾಳಿ ಬೀಸದ ನೆರಳಿನಲ್ಲಿ ನಿಲ್ಲಿಸಿ, ಮೈ ಅಲ್ಲಿನ ಹವೆಗೆ ಹೊಂದಿಕೊಳ್ಳುವವರೆಗೆ ಕಾಯಬೇಕು. ಕನಿಷ್ಠ ಹತ್ತಿಪ್ಪತ್ತು ನಿಮಿಷ, ಹೊರಗಿನಿಂದ ಬಂದಿದ್ದರೆ ಇನ್ನೂ ಹೆಚ್ಚು. ನಾಲ್ಕೂ ಕಾಲಿನ ಮೇಲೆ ಸಮನಾಗಿ ಭಾರ ಬೀಳುವಂತೆ ನಿಲ್ಲಿಸಿ, ಪ್ರತಿ ಸಲವೂ ಅದೇ ದೂರದಿಂದ, ಕಾಲಿಗೆ ನೇರವಾಗಿ ಚಿತ್ರ ತೆಗೆಯಬೇಕು. ಅಮೆರಿಕದ ಅಕಾಡೆಮಿ ಆಫ್ ಥರ್ಮಾಲಜಿ ಪಶುವೈದ್ಯರಿಗಾಗಿಯೇ ಇಂಥ ಮಾರ್ಗಸೂಚಿ ಪ್ರಕಟಿಸಿದೆ.

ಈ ನಿಯಮಗಳು ಹೆಚ್ಚಾಗಿ ಹುಟ್ಟಿದ್ದು ತಂಪು ದೇಶಗಳಲ್ಲಿ. ನಮ್ಮಲ್ಲಿ ಹವೆಯದೇ ದೊಡ್ಡ ಸಮಸ್ಯೆ. ಹೊರಗಿನ ಬಿಸಿ ಚರ್ಮದ ಬಿಸಿಗೆ ಹತ್ತಿರ ಬಂದರೆ ಚಿತ್ರದಲ್ಲಿ ಏನೂ ಬೇರ್ಪಡುವುದಿಲ್ಲ, ಸಾಲದ್ದಕ್ಕೆ ಕುದುರೆ ಬೆವರುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿಯಲ್ಲಿ ಈ ಕೆಲಸಕ್ಕೆ ಕೈಹಾಕುವುದು ವ್ಯರ್ಥ. ಬೆಂಗಳೂರು, ಮೈಸೂರಿನ ಬೆಳಗಿನ ಜಾವ ಮಾತ್ರ ವರ್ಷದ ಬಹುಕಾಲ ಇದಕ್ಕೆ ಹೇಳಿಮಾಡಿಸಿದಂತಿರುತ್ತದೆ. ಟ್ರ್ಯಾಕ್ ವರ್ಕ್‌ಗೆ ಹೊರಡುವ ಮುಂಚೆ, ಇನ್ನೂ ಬಿಸಿಲು ಬೀಳದ ಹೊತ್ತು ಅದು.

ಇನ್ನು ಬಣ್ಣದ ಮಾತು. ಪರದೆಯ ಕೆಂಪು, ಹಳದಿ, ನೀಲಿ ಯಾವುವೂ ನಿಜವಾದ ಬಣ್ಣಗಳಲ್ಲ. ಅಂಕಿಗಳಿಗೆ ಯಂತ್ರ ತೊಡಿಸಿದ ಬಟ್ಟೆ ಅವು. ಬಹಳಷ್ಟು ಕ್ಯಾಮೆರಾಗಳು ಚಿತ್ರದಲ್ಲಿರುವ ಅತಿ ತಣ್ಣನೆಯ ಜಾಗಕ್ಕೆ ನೀಲಿ, ಅತಿ ಬಿಸಿಯ ಜಾಗಕ್ಕೆ ಕೆಂಪು ಅಥವಾ ಬಿಳಿ ಎಂದು ತಾವೇ ಹಂಚಿಕೊಳ್ಳುತ್ತವೆ. ಚೌಕಟ್ಟಿನೊಳಗೆ ತಣ್ಣನೆಯ ಕಬ್ಬಿಣದ ಬಕೆಟ್ ಬಂದರೂ ಸಾಕು, ಕುದುರೆಯ ಬಣ್ಣ ಬದಲಾಗುತ್ತದೆ. ಮೇಲಿನ–ಕೆಳಗಿನ ಮಿತಿಯನ್ನು ಎರಡೇ ಡಿಗ್ರಿಗೆ ಇಳಿಸಿದರೆ ಕಾಲು ಡಿಗ್ರಿ ವ್ಯತ್ಯಾಸವೂ ಬೆಂಕಿಯಂತೆ ಕಾಣುತ್ತದೆ. ಮಿತಿಯನ್ನು ಹಿಗ್ಗಿಸಿದರೆ ನಿಜವಾದ ಉರಿಯೂತವೂ ಹಸಿರಿನಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಕಲಿಯುವವರು ಮೊದಲ ದಿನವೇ ತನ್ನಷ್ಟಕ್ಕೆ ಹೊಂದಿಕೊಳ್ಳುವ ಆ ವ್ಯವಸ್ಥೆಯನ್ನು ತೆಗೆದು, ಒಂದೇ ಮಿತಿಯನ್ನು ಕಟ್ಟಿ ಇಟ್ಟುಕೊಳ್ಳಬೇಕು. ಎರಡು ಕಾಲಿನ ಎರಡು ಚಿತ್ರಗಳಿಗೆ ಬೇರೆ ಬೇರೆ ಮಿತಿಯಿದ್ದರೆ ಅವನ್ನು ಅಕ್ಕಪಕ್ಕ ಇಡಲೇಬಾರದು.

ಅಂಕಿಗಳ ಬಗ್ಗೆಯೂ ಒಂದು ಸೂಕ್ಷ್ಮವಿದೆ. ಸಾಧಾರಣ ಒಳ್ಳೆಯ ಕ್ಯಾಮೆರಾ 0.05 ಡಿಗ್ರಿಯಷ್ಟು ಸಣ್ಣ ವ್ಯತ್ಯಾಸವನ್ನೂ ಗುರುತಿಸಬಲ್ಲದು. ಆದರೆ "ಈ ಜಾಗ 33 ಡಿಗ್ರಿ ಇದೆ" ಎಂದು ಅದು ಹೇಳಿದಾಗ ಆ ಮಾತು ಎರಡು ಡಿಗ್ರಿ ಆಚೀಚೆ ಇರಬಹುದು. ಆದುದರಿಂದ ಒಂದೇ ಚಿತ್ರದೊಳಗಿನ ಹೋಲಿಕೆಯನ್ನು ನಂಬಬಹುದು, ಒಂಟಿ ಅಂಕಿಯನ್ನು ಕಣ್ಣುಮುಚ್ಚಿ ನಂಬಬಾರದು. ಜ್ವರ ನೋಡಲು ಗುದದ ಥರ್ಮಾಮೀಟರೇ ಇರಲಿ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ಮೈಬಿಸಿ 37.5ರಿಂದ 38.5 ಡಿಗ್ರಿ ಎಂಬ ಹಳೆಯ ಲೆಕ್ಕಕ್ಕೆ ಕ್ಯಾಮೆರಾ ಇನ್ನೂ ಪರ್ಯಾಯವಾಗಿಲ್ಲ.

ಕಾಲಿನಿಂದ ಮೇಲಕ್ಕೆ ಬಂದರೆ ಬೆನ್ನು. ಸವಾರಿ ಮುಗಿಸಿ ಜೀನು ಇಳಿಸಿದ ಕೂಡಲೇ ಅದರ ಅಡಿಭಾಗದ ಚಿತ್ರ ತೆಗೆದರೆ, ಎಲ್ಲಿ ಹೆಚ್ಚು ಒತ್ತುತ್ತಿದೆ, ಎಲ್ಲಿ ತಾಗುತ್ತಲೇ ಇಲ್ಲ ಎಂಬುದು ಎಡ–ಬಲದ ಅಸಮತೆಯಲ್ಲಿ ಕಾಣಿಸುತ್ತದೆ. ಈ ಬಳಕೆ ಸುಲಭ, ಫಲ ಬೇಗ. ಬೆನ್ನುನೋವಿನಿಂದ ಹಟ ಮಾಡುವ ಕುದುರೆಯನ್ನು "ಪೊಗರು" ಎಂದು ಹೊಡೆಯುವುದು ನಮ್ಮಲ್ಲಿ ಇನ್ನೂ ಇದೆ. ಒಂದು ಚಿತ್ರ ಆ ಹೊಡೆತ ತಪ್ಪಿಸಿದರೂ ಉಪಕರಣದ ಬೆಲೆ ತೀರಿದಂತೆ.

ನರಕ್ಕೆ ಸಂಬಂಧಿಸಿದ ಕಾಯಿಲೆಗಳಲ್ಲಿ ಚಿತ್ರ ಇನ್ನೂ ಗಹನ. ಕುತ್ತಿಗೆಯ ಅನೈಚ್ಛಿಕ ನರಕ್ಕೆ ಪೆಟ್ಟಾದ ಕುದುರೆಯಲ್ಲಿ ಆ ಬದಿಯ ಮುಖ, ಕುತ್ತಿಗೆ ಬಿಸಿಯೇರಿ ಬೆವರುತ್ತದೆ. ಎರಡು ಬದಿಗಳ ನಡುವೆ ಗೆರೆ ಎಳೆದಂತೆ ವ್ಯತ್ಯಾಸ ಕಾಣುತ್ತದೆ. ಗೊರಸಿನ ಒಳಗಿನ ನ್ಯಾವಿಕ್ಯುಲರ್ ಮೂಳೆಯ ನೋವಿರುವ ಕೆಲವು ಕುದುರೆಗಳಲ್ಲಿ, ಓಡಿಸಿದ ಮೇಲೆ ಹಿಮ್ಮಡಿ ಭಾಗ ಬಿಸಿಯೇರಬೇಕಾದಷ್ಟು ಏರುವುದಿಲ್ಲ ಎಂದು ಟರ್ನರ್ ಗುರುತಿಸಿದ್ದರು. ಇಲ್ಲಿ ಬಿಸಿ ಏರದಿರುವುದೇ ಸೂಚನೆ. ಹೊಟ್ಟೆಯೊಳಗಿನ ಕಾಯಿಲೆ, ದಪ್ಪ ಮಾಂಸಖಂಡಗಳ ಆಳದ ಸೊಂಟದ ಕೀಲು ಇವುಗಳಲ್ಲಿ ಮಾತ್ರ ಕ್ಯಾಮೆರಾಕ್ಕೆ ಹೇಳಲು ಹೆಚ್ಚೇನಿಲ್ಲ.

ಚಿಕಿತ್ಸೆಯ ಆಚೆ, ಕ್ರೌರ್ಯವನ್ನು ಹಿಡಿಯುವ ಕೆಲಸದಲ್ಲೂ ಈ ಕ್ಯಾಮೆರಾ ನಿಂತಿದೆ. ಅಮೆರಿಕದ ಟೆನೆಸೀ ವಾಕಿಂಗ್ ಹಾರ್ಸ್ ತಳಿಯ ಪ್ರದರ್ಶನಗಳಲ್ಲಿ ಕುದುರೆ ಮುಂಗಾಲನ್ನು ಅತಿಯಾಗಿ ಎತ್ತಿ ನಡೆಯಲಿ ಎಂದು ಕಾಲಿನ ಚರ್ಮಕ್ಕೆ ಉರಿ ತರುವ ರಾಸಾಯನಿಕ ಹಚ್ಚುವ ಪದ್ಧತಿಯಿತ್ತು. ಅದನ್ನು ತಡೆಯಲು 1970ರಲ್ಲಿ ಅಲ್ಲಿ ಕುದುರೆ ಸಂರಕ್ಷಣಾ ಕಾಯ್ದೆ ಬಂತು. ಸರ್ಕಾರದ ತಪಾಸಕರು ಕೈಯಿಂದ ಒತ್ತಿ ನೋಡುವುದರ ಜೊತೆಗೆ ಥರ್ಮಲ್ ಚಿತ್ರಗಳನ್ನೂ ಬಳಸುತ್ತಾರೆ. ಹಚ್ಚಿದ ಉರಿ ಬಿಸಿಯಾಗಿ ಕಂಡರೆ, ತಪಾಸಣೆ ದಾಟಿಸಲು ಮಂಜುಗಡ್ಡೆ ಇಟ್ಟರೆ ಆ ಜಾಗ ಅಸಹಜವಾಗಿ ತಣ್ಣಗೆ ಕಾಣುತ್ತದೆ.

2008ರ ಬೀಜಿಂಗ್ ಒಲಿಂಪಿಕ್ಸ್‌ನ ಕುದುರೆ ಸವಾರಿ ಸ್ಪರ್ಧೆಗಳು ಹಾಂಗ್‌ಕಾಂಗ್‌ನಲ್ಲಿ ನಡೆದಾಗ ಜಿಗಿತದ ಸ್ಪರ್ಧೆಯ ಹಲವು ಕುದುರೆಗಳಲ್ಲಿ ಕ್ಯಾಪ್ಸೈಸಿನ್ ಪತ್ತೆಯಾಯಿತು. ನಮ್ಮ ಮೆಣಸಿನಕಾಯಿಗೆ ಖಾರ ಕೊಡುವ ವಸ್ತುವೇ ಅದು. ನೋವು ಶಮನಕ್ಕೂ ಬಳಕೆಯಿದೆ, ಕಾಲಿಗೆ ಹಚ್ಚಿದರೆ ಅಡ್ಡಗೋಲು ತಾಗಿದಾಗ ಉರಿ ಹೆಚ್ಚಾಗಿ ಕುದುರೆ ಎತ್ತರಕ್ಕೆ ಹಾರುತ್ತದೆ. ನಾರ್ವೆ ತಂಡ ತನ್ನ ಕಂಚಿನ ಪದಕ ಕಳೆದುಕೊಂಡಿತು. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ ಕಾಲಿನ ಸಂವೇದನೆ ಪರೀಕ್ಷೆಯಲ್ಲಿ ಥರ್ಮಲ್ ಚಿತ್ರ ಮತ್ತು ಪಶುವೈದ್ಯರ ಕೈ ಎರಡೂ ಸೇರಿವೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೆನಡಾ ತಂಡದ ವಿಕ್ಟರ್ ಎಂಬ ಕುದುರೆಯನ್ನು ಮುಂಗಾಲಿನ ಅತಿಸಂವೇದನೆಯ ಕಾರಣಕ್ಕೆ ಹೊರಗಿಟ್ಟಾಗ ದೊಡ್ಡ ಗಲಾಟೆಯಾಯಿತು. ಯಾರಾದರೂ ತಪ್ಪು ಮಾಡಿದ್ದಾರೆಂಬ ಆರೋಪ ಇರಲಿಲ್ಲ. ಗೊರಸಿನ ಅಂಚಿನ ಸಣ್ಣ ಗಾಯವೂ ಇಂಥ ಸಂವೇದನೆ ತರಬಹುದು. ಬಿಸಿ ಇದೆ ಎಂಬುದಕ್ಕೂ ಯಾರೋ ಅದನ್ನು ತಂದಿದ್ದಾರೆ ಎಂಬುದಕ್ಕೂ ನಡುವೆ ಎಷ್ಟು ದೂರವಿದೆ ಎಂದು ಕಲಿಯುವವರೆಲ್ಲ ಈ ಪ್ರಕರಣದಿಂದ ತಿಳಿದುಕೊಳ್ಳಬೇಕು.

ಹಾಗಾದರೆ ಯಾರು ಕಲಿಯಬೇಕು? ಚಿತ್ರ ತೆಗೆಯುವುದನ್ನು ಸೈಸ್, ಲಾಳ ಕಟ್ಟುವವರು, ಸವಾರರು ಯಾರಾದರೂ ಕೆಲವೇ ವಾರಗಳಲ್ಲಿ ಕಲಿಯಬಹುದು, ಕಲಿಯಬೇಕು ಕೂಡ. ದಿನವೂ ಕುದುರೆಯ ಹತ್ತಿರ ಇರುವವರು ಅವರೇ. ಚಿತ್ರದಿಂದ ಕಾಯಿಲೆ ಹೇಳುವುದು ಪಶುವೈದ್ಯರ ಕೆಲಸ. ಅವರು ಕೂಡ ಚಿತ್ರ ನೋಡಿ, ಕಾಲು ಒತ್ತಿ, ನಡೆಸಿ ಓಡಿಸಿ, ಬೇಕಾದರೆ ಅಲ್ಟ್ರಾಸೌಂಡ್, ಎಕ್ಸ್‌ರೇ ಮಾಡಿ ಆಮೇಲೆ ಹೇಳಬೇಕು. ಕುದುರೆಯನ್ನೇ ನೋಡದೆ ಕಳಿಸಿದ ಚಿತ್ರದ ಮೇಲೆ ವರದಿ ಬರೆದುಕೊಡುವುದನ್ನು ನಾನು ಒಪ್ಪುವುದಿಲ್ಲ. ಕುದುರೆ ಕೊಳ್ಳುವಾಗ ಒಂದು ಬಣ್ಣದ ಚಿತ್ರ ತೋರಿಸಿ ಬೆಲೆ ಏರಿಸುವುದನ್ನೂ ಇಳಿಸುವುದನ್ನೂ ಒಪ್ಪುವುದಿಲ್ಲ.

ಹೈದರ್–ಟಿಪ್ಪು ಕಾಲದಲ್ಲಿ ಅಶ್ವದಳಕ್ಕೆ ಕುದುರೆ ಬೆಳೆಸಿದ ಕುಣಿಗಲ್ ನಮ್ಮಲ್ಲಿದೆ. ಬೆಂಗಳೂರು, ಮೈಸೂರಿನಲ್ಲಿ ರೇಸ್ ಕುದುರೆಗಳಿವೆ, ದಸರಾ ಮೆರವಣಿಗೆಯಲ್ಲಿ ಸಾಗುವ ಅಶ್ವಾರೋಹಿ ಪೊಲೀಸರಿದ್ದಾರೆ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಈ ಎಲ್ಲ ಕುದುರೆಗಳಿಗಿಂತ ನನ್ನ ಮನಸ್ಸಿಗೆ ಮೊದಲು ಬರುವವು ಮೈಸೂರಿನ ಟಾಂಗಾ ಕುದುರೆಗಳು. ಕಾದ ಡಾಂಬರಿನ ಮೇಲೆ ಲಾಳ ಸವೆಸಿಕೊಂಡು ಇಡೀ ದಿನ ದುಡಿಯುವ ಅವುಗಳಿಗೆ ಎಕ್ಸ್‌ರೇ ಎಟಕುವುದಿಲ್ಲ. ಒಂದು ಕ್ಯಾಮೆರಾ ಹಿಡಿದ ಪಶುವೈದ್ಯ ವಿದ್ಯಾರ್ಥಿಗಳ ತಂಡ ತಿಂಗಳಿಗೆ ಒಂದು ಬೆಳಗ್ಗೆ ಟಾಂಗಾ ನಿಲ್ದಾಣಕ್ಕೆ ಹೋಗಿ, ಕುದುರೆ ಹೂಡುವ ಮುಂಚೆ ನಾಲ್ಕೂ ಕಾಲಿನ ಚಿತ್ರ ತೆಗೆದು ದಾಖಲೆ ಇಟ್ಟರೆ ಕುದುರೆಗೂ ಉಪಕಾರ, ಕಲಿಯುವವರಿಗೂ ಪಾಠ. ನಮ್ಮ ಹವೆಯಲ್ಲಿ, ನಮ್ಮ ಕುದುರೆಗಳ ಸಹಜ ಬಿಸಿ ಎಷ್ಟೆಂಬ ಲೆಕ್ಕ ಸಿಗುವುದೂ ಅಲ್ಲಿಂದಲೇ.

ಕ್ಯಾಮೆರಾ ಕೊಳ್ಳಲು ಹೊರಟಿರುವ ಕುದುರೆ ಮಾಲೀಕರಲ್ಲಿ ನನ್ನದೊಂದು ಕೋರಿಕೆ. ಮೊದಲ ಮೂರು ತಿಂಗಳು ಅದರಿಂದ ಯಾವ ಕಾಯಿಲೆಯನ್ನೂ ಹುಡುಕಬೇಡಿ. ಚೆನ್ನಾಗಿರುವ ಕುದುರೆಯ ಚಿತ್ರವನ್ನು ವಾರಕ್ಕೆ ಎರಡು ಸಲ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ತೆಗೆಯಿರಿ. ದಿನಾಂಕ, ಹವೆಯ ಬಿಸಿ, ಹಿಂದಿನ ದಿನದ ಕೆಲಸ ಒಂದು ಪುಸ್ತಕದಲ್ಲಿ ಬರೆದಿಡಿ. ಚಿತ್ರ ತೆಗೆದ ಕೂಡಲೇ ಸೈಸ್ ಅವರನ್ನು ಕರೆದು ಕಾಲು ಮುಟ್ಟಿಸಿ, ಅವರು ಹೇಳಿದ್ದನ್ನೂ ಅದೇ ಸಾಲಿನಲ್ಲಿ ಬರೆಯಿರಿ. ಮೈಸೂರಿನ ಆ ಹಿರಿಯರು ಬೆಚ್ಚಗಿದೆ ಎಂದ ಜಾಗ, ಕೈಗುರುತು ಮಾಸಿದ ಮೇಲೆ ತೆಗೆದ ಚಿತ್ರದಲ್ಲಿ ಒಂದೂಕಾಲು ಡಿಗ್ರಿ ಹೆಚ್ಚಿತ್ತು.